ಅಪ್‌ಡೇಟ್: ರೇಡಿಯಾನ್ ಎಚ್‌ಡಿ 7750 ಗ್ರಾಫಿಕ್ಸ್ ಕಾರ್ಡನ್ನು ವಲ್ಕನ್ ಈಗ ಗುರುತಿಸುತ್ತಿದೆ

ನಮಸ್ಕಾರ್ರಿ. ಬಳ್ಳಾರಿಯ ನಮ್ಮ ಲ್ಯಾಬಿನ ಉಬುಂಟು ಮಷಿನ್‌ನಲ್ಲಿ ಎಲ್‌ಎಸ್‌ಪಿಸಿಐ (ಹಾರ್ಡ್‌ವೇರ್ ಪಟ್ಟಿ ಕೊಡುವ ಕಮಾಂಡ್) ಕಾರ್ಡ್ ತೋರಿಸಿದರೂ, ವಲ್ಕನ್ (ಪ್ರೋಗ್ರಾಂಗಳು ಗ್ರಾಫಿಕ್ಸ್ ಕಾರ್ಡ್ ಬಳಸುವ ಇಂಟರ್‌ಫೇಸ್) ಮಾಹಿತಿ ಕೊಡುವ ವಲ್ಕನ್‌ಇನ್ಫೋದಲ್ಲಿ ಬರೀ ಎಲ್‌ಎಲ್‌ವಿಎಂಪೈಪ್, ಅಂದರೆ ಕಾರ್ಡಿನ ಬದಲು ಸಿಪಿಯುನಲ್ಲೇ ಚಿತ್ರ ಬಿಡಿಸುವ ಸಾಫ್ಟ್‌ವೇರ್, ಬರುತ್ತಿದೆ ಎಂದು ಕೇಳಿದ್ದೆ. ಬಗೆಹರಿಯಿತು.

ರೆಂಡರ್ ಗ್ರೂಪ್‌ಗೆ (ಕಾರ್ಡ್ ಬಳಸಲು ಅನುಮತಿ ಇರುವ ಗುಂಪು) ಯೂಸರ್ ಸೇರಿಸಿದ್ದರಿಂದ ಏನೂ ಬದಲಾಗಲಿಲ್ಲ, ಮೆಸಾ (ಗ್ರಾಫಿಕ್ಸ್ ಡ್ರೈವರ್‌ಗಳ ಸಂಗ್ರಹ) ಅಪ್‌ಗ್ರೇಡ್‌ನಿಂದಲೂ ಇಲ್ಲ. ಕೆಲಸಕ್ಕೆ ಬಂದದ್ದು "ಎಲ್‌ಎಸ್‌ಪಿಸಿಐ -ಕೆ ಕೊಟ್ಟು ಡ್ರೈವರ್ ಯಾವುದು ನೋಡ್ರಿ" ಅಂದವರ ಸಲಹೆ. ಅಲ್ಲಿ ಕರ್ನಲ್ ಡ್ರೈವರ್ 'ರೇಡಿಯಾನ್' ಅಂತಿತ್ತು. ಮೆಸಾದ ವಲ್ಕನ್ ಡ್ರೈವರ್‌ಗೆ 'ಎಎಂಡಿಜಿಪಿಯು' ಎಂಬ ಕರ್ನಲ್ ಡ್ರೈವರ್ ಬೇಕು. ಗ್ರಬ್ (ಮಷಿನ್ ಬೂಟ್ ಮಾಡಿಸುವ ಪ್ರೋಗ್ರಾಂ) ಫೈಲಿನ ಕರ್ನಲ್ ಸಾಲಿಗೆ ರೇಡಿಯಾನ್.ಎಸ್‌ಐ_ಸಪೋರ್ಟ್=0 ಎಎಂಡಿಜಿಪಿಯು.ಎಸ್‌ಐ_ಸಪೋರ್ಟ್=1 ಸೇರಿಸಿ, ಅಪ್‌ಡೇಟ್-ಗ್ರಬ್ ಓಡಿಸಿ, ರೀಬೂಟ್ ಮಾಡಿದ ಮೇಲೆ ಕಾರ್ಡ್ ಬಂತು.

ಪ್ರೋಗ್ರಾಂ ಬರೆಯುವವರು ಇದನ್ನು ಗಮನಿಸಲೇಬೇಕು: ಎಲ್‌ಎಲ್‌ವಿಎಂಪೈಪ್ ಕೂಡ ಹೊಸ ವಲ್ಕನ್ ಆವೃತ್ತಿಯನ್ನೇ ಹೇಳುತ್ತದೆ. ಆದ್ದರಿಂದ ಆವೃತ್ತಿ ಸಂಖ್ಯೆ ನಂಬಬೇಡಿ, ವಲ್ಕನ್‌ಇನ್ಫೋದಲ್ಲಿ ಡಿವೈಸ್‌ಟೈಪ್ (ಸಾಧನದ ಬಗೆ) ನೋಡಿ. 'ಸಿಪಿಯು' ಅಂತಿದ್ದರೆ ಅದು ಸಾಫ್ಟ್‌ವೇರ್ ರೆಂಡರಿಂಗ್. ಎಲ್‌ಎಸ್‌ಪಿಸಿಐ ಹೇಳುವುದು ಪಿಸಿಐ ಬಸ್‌ನಲ್ಲಿ (ಕಾರ್ಡ್ ಕೂರುವ ಮದರ್‌ಬೋರ್ಡ್ ಸಂಪರ್ಕ) ಸಿಕ್ಕ ಐಡಿಯ ಹೆಸರನ್ನು, ಕಾರ್ಡಿನ ಸಾಮರ್ಥ್ಯವನ್ನಲ್ಲ.

ವಿಡಿಯೊ ಡಿಕೋಡ್ ಬೇರೆ ವಿಷಯ, ಅದಕ್ಕೆ ವಿಎಇನ್ಫೋ ಕಮಾಂಡ್ ಓಡಿಸಿ. ಈ ಕಾರ್ಡಿನಲ್ಲಿ ಎಚ್.264 ವಿಡಿಯೊ ಫಾರ್ಮ್ಯಾಟಿನ ಡಿಕೋಡ್ ಇದೆ, ಅದಕ್ಕಿಂತ ಹೊಸದಾದ ಎಚ್‌ಇವಿಸಿಯದು ಇಲ್ಲ. ಎಚ್‌ಇವಿಸಿ ಚಿಪ್‌ನಲ್ಲೇ ಇಲ್ಲದ್ದು, ಯಾವ ಡ್ರೈವರ್ ಹಾಕಿದರೂ ಬರುವುದಿಲ್ಲ.