ಆಯಿಯ ಮಾತು ವಿಸ್ಪರ್‌ಗೆ ಹಿಡಿಯುತ್ತಿಲ್ಲ, ದಯವಿಟ್ಟು ನೋಡಿ

ಬ್ಯಾಡಗಿ_ಕಡ್ಡಿ: ಮೂರು ರಾತ್ರಿ ಆಯ್ತು, ತಲೆ ಕೆಟ್ಟುಹೋಗಿದೆ. ಆಯಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಕಾಲದ ಕತೆ ರೆಕಾರ್ಡ್ ಮಾಡಿಟ್ಟಿದ್ದೇನೆ. ಮಾತು ಕೇಳಿ ಬರಹ ಮಾಡುವ ವಿಸ್ಪರ್ ಅನ್ನುವ ಎಐಗೆ ಕೊಟ್ಟೆ. ಅದರ ಲಾರ್ಜ್ ಮಾದರಿ, ಭಾಷೆ ಕನ್ನಡ, 16 ಕಿಲೋಹರ್ಟ್ಸ್ ಮೊನೊ. ಎಲ್ಲಾ ಸರಿ ಇದೆ. ಆಯಿ "ಎಲ್ಲಾರೂ ಹೊಲಕ್ಕ ಹೋಗ್ಯಾರ" ಅಂದರೆ "ಹಳ್ಳ ಹಳ್ಳ ಹಳ್ಳ" ಅಂತ ಸಾಲುಗಟ್ಟಲೆ ಬರುತ್ತದೆ!

ಸಾಧನಕೇರಿ_ಮಳೆ: ನಮ್ಮ ಕಡೆಯ ಮಾತೇ ಕಾರಣ. 2022ರಲ್ಲಿ ಬಂದಾಗ ವಿಸ್ಪರ್ 6,80,000 ಗಂಟೆ ಧ್ವನಿ ಕೇಳಿ ಕಲಿತಿತ್ತು. ಅದರಲ್ಲಿ ಕನ್ನಡದ ಪಾಲು ತೀರಾ ಚಿಕ್ಕದು. ಆಯಿಯ ಮಾತು ಬರೆದು ಕೊಟ್ಟು ಫೈನ್‌ಟ್ಯೂನ್ ಮಾಡಿ, ಅಂದರೆ ಆ ಮಾತನ್ನೂ ಅದಕ್ಕೆ ಕಲಿಸಿ.

ಉಣಕಲ್_ದಂಡೆ: ಹೌದು. ಆದರೆ "ಹೋಗಿದ್ದಾರೆ" ಅಂತಲೇ ಬರೆಯಿರಿ, ಆಮೇಲೆ ಹುಡುಕಲು ಸುಲಭ.

ಸಾಧನಕೇರಿ_ಮಳೆ: ಬೇಡವೇ ಬೇಡ. ಕೇಳಿದ್ದು "ಹೋಗ್ಯಾರ", ಬರೆಯುವುದೂ ಅದೇ. ಆಯಿಯ ಮಾತು ತಿದ್ದಲು ನಾವು ಯಾರು?

ಉಣಕಲ್_ದಂಡೆ: ಹೋಗ್ಯಾರ, ಹೋಗ್ಯಾರು, ಹೋಗ್ಯಾರ್ ಅಂತ ಒಬ್ಬೊಬ್ಬರು ಒಂದೊಂದು ಥರ ಬರೆದರೆ ಮೂರು ಪದ ಆಗುತ್ತವೆ. ನನ್ನ 24 ಜಿಬಿ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಫೈನ್‌ಟ್ಯೂನ್ ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ಕಪ್ಪತಗುಡ್ಡ: ಸ್ವಲ್ಪ ತಡೀರಿ. ತಮ್ಮಾ, ರೆಕಾರ್ಡ್ ಮಾಡಿದ್ದು ಹೇಗೆ? ವಿಸ್ಪರ್‌ಗೆ ಕೊಟ್ಟ ಅದೇ ಫೈಲನ್ನು ಇಯರ್‌ಫೋನ್ ಹಾಕಿ ಕೇಳಿದೆಯಾ?

ಬ್ಯಾಡಗಿ_ಕಡ್ಡಿ: ಕಾಲ್ ರೆಕಾರ್ಡಿಂಗ್ ಅಣ್ಣಾ. ನಾನು ಹುಬ್ಬಳ್ಳಿಯಲ್ಲಿ, ಆಯಿ ಊರಲ್ಲಿ. 8 ಕಿಲೋಹರ್ಟ್ಸ್ ಇತ್ತು. ಪೈಥಾನ್‌ನಲ್ಲಿ ಸೆಟ್‌ಫ್ರೇಮ್‌ರೇಟ್ ಅನ್ನುವ ಸಾಲಿನಲ್ಲಿ 16000 ಮಾಡಿದೆ. ಮೂಲ ಫೈಲ್ ಕೇಳಿದ್ದೇನೆ, ಚೆನ್ನಾಗಿದೆ.

ಕಪ್ಪತಗುಡ್ಡ: ಸಿಕ್ಕಿತು. ಆ ಸಾಲು ಫೈಲಿನ ಹಣೆಪಟ್ಟಿ ಮಾತ್ರ ಬದಲಿಸುತ್ತದೆ. ಸೆಕೆಂಡಿಗೆ 8000 ಸ್ಯಾಂಪಲ್ (ದನಿಯ ಅಳತೆ) ಇದ್ದದ್ದನ್ನು 16000 ಅಂತ ಓದಿದರೆ ಮಾತು ಅರ್ಧ ಹೊತ್ತಿಗೇ ಮುಗಿಯುತ್ತದೆ, ದನಿ ಕೀರಲಾಗುತ್ತದೆ. ಮೂಲ ಫೈಲನ್ನು ಆಡಿಯೊ ಪರಿವರ್ತಿಸುವ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್‌ಗೆ ಕೊಟ್ಟು 16000ಕ್ಕೆ ರೀಸ್ಯಾಂಪಲ್ ಮಾಡು, ಆಗ ಸ್ಯಾಂಪಲ್‌ಗಳೇ ಹೊಸದಾಗಿ ಲೆಕ್ಕವಾಗುತ್ತವೆ, ವೇಗ ಬದಲಾಗಲ್ಲ. 4 ಕಿಲೋಹರ್ಟ್ಸ್ ಮೇಲಿನದು ಕಾಲ್‌ನಲ್ಲೇ ಹೋಗಿದೆ, ಅದು ವಾಪಸ್ ಬರಲ್ಲ. ಸ, ಫ ಥರದ ಅಕ್ಷರ ತಪ್ಪಬಹುದು. ಊರಿಗೆ ಹೋದಾಗ ಆಯಿಯ ಎದುರೇ ಕೂತು ಇನ್ನೊಮ್ಮೆ ರೆಕಾರ್ಡ್ ಮಾಡು.

ಬ್ಯಾಡಗಿ_ಕಡ್ಡಿ: ಈಗ ಕೇಳಿದೆ ಅಣ್ಣಾ. ಎಂಟು ನಿಮಿಷದ ಕತೆ ನಾಲ್ಕೇ ನಿಮಿಷ ಆಗಿತ್ತು! ರೀಸ್ಯಾಂಪಲ್ ಮಾಡಿದ ಮೇಲೆ "ಎಲ್ಲಾರು ಹೊಲಕ್ಕೆ ಹೋಗಾರ" ಅಂತ ಬಂತು. ಆಗಲೇ ಆಯಿಗೆ ಫೋನ್ ಮಾಡಿ ಓದಿ ಹೇಳಿದೆ. ಆದರೆ ಆಯಿ ಮಾತು ನಿಲ್ಲಿಸಿ ಸುಮ್ಮನಾದ ಕಡೆ ಇನ್ನೂ "ಹಳ್ಳ ಹಳ್ಳ" ಬರುತ್ತಿದೆ.

ಕಪ್ಪತಗುಡ್ಡ: ವಿಸ್ಪರ್ 30 ಸೆಕೆಂಡಿನ ತುಂಡು ತುಂಡಾಗಿ ಓದುತ್ತದೆ. ಮಾತಿಲ್ಲದ ಕಡೆಯೂ ಏನೋ ಬರೆಯುತ್ತದೆ. ವಿಎಡಿ (ಮಾತು ಎಲ್ಲಿದೆ, ಎಲ್ಲಿಲ್ಲ ಅಂತ ಗುರುತಿಸುವ ಸಾಧನ) ಹಾಕಿ ಆ ಜಾಗಗಳನ್ನು ಮೊದಲೇ ಕತ್ತರಿಸು.

ಸಾಧನಕೇರಿ_ಮಳೆ: ನೋಡಿ ಉಣಕಲ್ ಅವರೇ, ಬಂದದ್ದು "ಹೋಗಾರ", "ಹೋಗಿದ್ದಾರೆ" ಅಲ್ಲ.

ಉಣಕಲ್_ದಂಡೆ: "ಹೊಲಕ್ಕೆ" ಅಂತಲೂ ಬಂದಿದೆ ಅಲ್ವಾ?