ಹೊಸ ಡಾಡ್ಜ್ ಚಾರ್ಜರ್ ಕಾರಿಗೆ ವಿ8 ಬಂದರೆ ಪವರ್ ಎರಡು ಚಕ್ರಕ್ಕೋ, ನಾಲ್ಕಕ್ಕೋ?

ಹಿಂದಿನ_ಚಕ್ರ:
ಹೊಸ ಡಾಡ್ಜ್ ಚಾರ್ಜರ್‌ಗೆ ಮತ್ತೆ ಹೆಮಿ ವಿ8, ಅಂದರೆ ಡಾಡ್ಜ್‌ನ ಹೆಸರಾಂತ ಎಂಟು ಸಿಲಿಂಡರ್ ಎಂಜಿನ್, ಬರಬೇಕು ಅಂತ ಎಷ್ಟೋ ಜನ ಕಾಯುತ್ತಿದ್ದೇವೆ. 2025ರ ಜೂನ್‌ನಲ್ಲಿ ರ‍್ಯಾಮ್ 1500 ಪಿಕಪ್‌ಗೆ 5.7 ಲೀಟರ್ ಹೆಮಿ ವಾಪಸ್ ಬರುತ್ತದೆ ಅಂತ ಹೇಳಿದ ಮೇಲಂತೂ ಆಸೆ ಇನ್ನೂ ಜಾಸ್ತಿಯಾಗಿದೆ. ಆದರೆ ಎಲ್ಲರ ಮಾತೂ ಎಂಜಿನ್ ಬಗ್ಗೆಯೇ. ಆ ಪವರ್ ಯಾವ ಚಕ್ರಕ್ಕೆ ಹೋಗಬೇಕು ಅನ್ನುವ ಮಾತೇ ಇಲ್ಲ.

ಈಗಿನ ಚಾರ್ಜರ್ ಸಿಕ್ಸ್‌ಪ್ಯಾಕ್‌ನಲ್ಲಿ ಇರುವುದು 3 ಲೀಟರ್ ಟ್ವಿನ್ ಟರ್ಬೊ, ಸಾಲಾಗಿ ಆರು ಸಿಲಿಂಡರ್. ಒಂದು 420 ಎಚ್‌ಪಿ, ಇನ್ನೊಂದು 550 ಎಚ್‌ಪಿ. ಎರಡಕ್ಕೂ ಆಲ್ ವೀಲ್ ಡ್ರೈವ್ ಖಾಯಂ, ಅಂದರೆ ಪವರ್ ನಾಲ್ಕೂ ಚಕ್ರಕ್ಕೆ. ಬೇಕೆಂದಾಗ ಬಟನ್ ಒತ್ತಿ ಮುಂದಿನ ಆಕ್ಸಲ್ ಬಿಡಿಸಿ, ಬರೀ ಹಿಂದಿನ ಚಕ್ರದಲ್ಲಿ ಓಡಿಸಬಹುದು.

ನನಗೆ ಅದು ಸಾಲದು. ವಿ8 ಬಂದರೆ ಅಪ್ಪಟ ರಿಯರ್ ವೀಲ್ ಡ್ರೈವ್ ಮಾಡೆಲ್ ಒಂದು ಇರಲೇಬೇಕು. ಮುಂದಿನ ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್, ಹಾಫ್ ಶಾಫ್ಟ್‌ಗಳು, ಹೀಗೆ ಮುಂದಿನ ಚಕ್ರಕ್ಕೆ ಪವರ್ ಒಯ್ಯುವ ಸಾಮಾನು ಯಾವುದೂ ಕಾರಿಗೆ ಹತ್ತಲೇಬಾರದು. ಬಟನ್ ಒತ್ತಿದರೆ ಮುಂದಿನ ಚಕ್ರಕ್ಕೆ ಹೋಗುವ ಪವರ್ ನಿಲ್ಲುತ್ತದೆ, ಸರಿ. ಆ ತೂಕ ಎಲ್ಲಿಗೆ ಹೋಗುತ್ತದೆ?

ಹಿಮದೂರು:
ನಾನು ಡೆಟ್ರಾಯಿಟ್ ಪಕ್ಕದಲ್ಲೇ ಹನ್ನೊಂದು ವರ್ಷದಿಂದ ಇದ್ದೇನೆ. ನಿಮ್ಮ ಆಸೆ ಅರ್ಥವಾಗುತ್ತದೆ, ಆದರೆ ಒಪ್ಪುವುದಿಲ್ಲ. ಇಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ರಿಯರ್ ವೀಲ್ ಡ್ರೈವ್ ವಿ8 ಕಾರು ಇಟ್ಟುಕೊಂಡವರ ಪಾಡು ನೋಡಿದ್ದೇನೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರ ಹತ್ತಿರ ಅಂಥದ್ದೇ ಡಾಡ್ಜ್ ಚಾಲೆಂಜರ್ ಇತ್ತು. ಪಾರ್ಕಿಂಗ್‌ನಿಂದ ಮುಖ್ಯ ರಸ್ತೆಗೆ ಹತ್ತುವ ಕಡೆ ಒಂದು ಸಣ್ಣ ಏರು, ಹೆಚ್ಚೆಂದರೆ ಎರಡು ಕಾರಿನಷ್ಟು ಉದ್ದ. ಅಷ್ಟೇ ಏರು ಹತ್ತುವುದಕ್ಕೆ ಅವರು ಹಿಂದಿನ ಚಕ್ರದಡಿ ರಬ್ಬರ್ ಮ್ಯಾಟ್ ಹಾಸುತ್ತಿದ್ದರು. ಚಕ್ರ ಗಿರ್ರನೆ ತಿರುಗಿ ಮ್ಯಾಟ್ ಹಿಂದಕ್ಕೆ ಹಾರುತ್ತಿತ್ತು, ಕಾರು ಮಾತ್ರ ಅಲ್ಲೇ. ಎರಡನೇ ಚಳಿಗಾಲಕ್ಕೆ ಮಾರಿಬಿಟ್ಟರು. ಎಲ್ಲರಿಗೂ ಎರಡು ಕಾರು ಇಟ್ಟುಕೊಳ್ಳಲು ಆಗುತ್ತದೆಯೇ? ಇದ್ದ ಒಂದೇ ಕಾರು ವರ್ಷಪೂರ್ತಿ ಓಡಬೇಕು ಅನ್ನುವವರಿಗೂ ವಿ8 ಬೇಕು ಅಂತ ಆಸೆ ಇರುತ್ತದೆ.

ಹಿಂದಿನ_ಚಕ್ರ:
ಅವರು ಚಳಿಗಾಲದ ಟೈರ್ ಹಾಕಿದ್ದರಾ? ಬೇಸಿಗೆ ಟೈರಿನ ರಬ್ಬರ್ ಸೊನ್ನೆ ಡಿಗ್ರಿಗೆ ಹತ್ತಿರ ಬಂದರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆ ಟೈರಿನಲ್ಲಿ ಆಲ್ ವೀಲ್ ಡ್ರೈವ್ ಇದ್ದರೂ ಹೊರಡುವಾಗ ಹೊರಡುತ್ತೀರಿ, ಬ್ರೇಕ್ ಹಾಕಿದಾಗ ನಿಲ್ಲುವುದಿಲ್ಲ. ನಾಲ್ಕು ಚಕ್ರಕ್ಕೆ ಪವರ್ ಕೊಟ್ಟರೆ ಬ್ರೇಕ್ ಹೆಚ್ಚೇನೂ ಹಿಡಿಯುವುದಿಲ್ಲ ಅಲ್ವಾ.

ಹಿಮದೂರು:
ಆಲ್ ಸೀಸನ್ ಟೈರ್ ಇತ್ತು. ನಿಂತುಕೊಳ್ಳುವ ವಿಷಯದಲ್ಲಿ ನೀವು ಹೇಳಿದ್ದು ನಿಜ. ಆದರೆ ಅವರ ತೊಂದರೆ ಇದ್ದದ್ದು ಹೊರಡುವುದರಲ್ಲಿ.

ಗ್ಯಾರೇಜ್_ದೀಪ:
ಹಿಮವನ್ನು ಸ್ವಲ್ಪ ಪಕ್ಕಕ್ಕಿಡೋಣ. ಒಣ ರಸ್ತೆಯ ಲೆಕ್ಕವನ್ನೇ ನೋಡಿ. ಒಳ್ಳೆಯ ರಸ್ತೆ ಟೈರು ಹೆಚ್ಚುಕಡಿಮೆ ತನ್ನ ಮೇಲೆ ಬಿದ್ದ ಭಾರದಷ್ಟೇ ಎಳೆಯುತ್ತದೆ, ಅದಕ್ಕಿಂತ ತುಂಬಾ ಜಾಸ್ತಿ ಏನಲ್ಲ. ಹಳೆಯ ಚಾಲೆಂಜರ್ ಹೆಲ್‌ಕ್ಯಾಟ್ ಸುಮಾರು 2 ಟನ್ ತೂಕ. ಎಂಜಿನ್ ಮುಂದೆ ಇರುವುದರಿಂದ ನಿಂತಾಗ ಅರ್ಧಕ್ಕಿಂತ ಹೆಚ್ಚು ಭಾರ ಮುಂದಿನ ಚಕ್ರದ ಮೇಲೆ. ಜೋರಾಗಿ ಹೊರಟಾಗ ಮೂತಿ ಎದ್ದು ಹಿಂದಕ್ಕೆ ಭಾರ ಜಾರುತ್ತದೆ. ಆಗ ಹಿಂದಿನ ಚಕ್ರದ ಮೇಲೆ 1,200 ಕೆ.ಜಿ. ಬಿತ್ತು ಅಂತ ಇಟ್ಟುಕೊಳ್ಳಿ. ಎಳೆತವೂ ಅಷ್ಟಕ್ಕೇ ನಿಂತಿತು. ಮುಂದಿರುವ 800 ಕೆ.ಜಿ. ಭಾರ ಸುಮ್ನೆ ಕೂತಿರುತ್ತದೆ, ಅದರಿಂದ ಒಂದು ಚೂರೂ ಎಳೆತ ಸಿಗುವುದಿಲ್ಲ.

ಈಗ 700 ಎಚ್‌ಪಿ ಎಂಜಿನ್ ಹಾಕಿ. ಸರಿಯಾದ ಗೇರಿನಲ್ಲಿದ್ದರೆ ಗಂಟೆಗೆ 100 ಕಿ.ಮೀ. ವೇಗದಲ್ಲೂ ಅದು ಹಿಂದಿನ ಟೈರಿನ ಹಿಡಿತ ತಪ್ಪಿಸಿ ಗಿರ್ರನೆ ತಿರುಗಿಸಬಲ್ಲದು. ಅಂದರೆ ನೀವು ದುಡ್ಡು ಕೊಟ್ಟು ತಂದ ಪವರ್‌ನ ದೊಡ್ಡ ಪಾಲನ್ನು, ಚಕ್ರ ಜಾರದ ಹಾಗೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಕತ್ತರಿಸಿ ಎಸೆಯುತ್ತಿರುತ್ತದೆ. 300 ಎಚ್‌ಪಿ ಕಾಲದಲ್ಲಿ ರಿಯರ್ ವೀಲ್ ಡ್ರೈವ್ ಸಾಕಾಗಿತ್ತು. 700 ದಾಟಿದ ಮೇಲೆ ಟೈರೇ ಮಿತಿ. ಅದಕ್ಕೇ ನಾನು ನಾಲ್ಕು ಚಕ್ರದ ಕಡೆ.

ಹಿಂದಿನ_ಚಕ್ರ:
ಹಾಗಾದರೆ ಡಾಡ್ಜ್ ಚಾಲೆಂಜರ್ ಡೀಮನ್ 170ಗೆ ಏನು ಹೇಳುತ್ತೀರಿ? 1,025 ಎಚ್‌ಪಿ, ಬರೀ ಹಿಂದಿನ ಚಕ್ರ. ಸೊನ್ನೆಯಿಂದ 60 ಮೈಲಿಗೆ 1.66 ಸೆಕೆಂಡ್, ಕಾಲು ಮೈಲಿಗೆ 8.91 ಸೆಕೆಂಡ್. ಹೊರಡುವಾಗ ಮುಂದಿನ ಎರಡೂ ಚಕ್ರ ನೆಲ ಬಿಟ್ಟು ಮೇಲೆದ್ದಿರುತ್ತವೆ. ಇಡೀ ಕಾರಿನ ಭಾರ ಹಿಂದಿನ ಎರಡು ಟೈರಿನ ಮೇಲೆ. ಆ ಗಳಿಗೆಯಲ್ಲಿ ಗಾಳಿಯಲ್ಲಿರುವ ಚಕ್ರಕ್ಕೆ ಪವರ್ ಕೊಟ್ಟು ಏನು ಪ್ರಯೋಜನ?

ಗ್ಯಾರೇಜ್_ದೀಪ:
ಒಳ್ಳೆಯ ಪ್ರಶ್ನೆ. ಆದರೆ ಆ ಅಂಕಿ ಬಂದದ್ದು ಯಾವ ನೆಲದ ಮೇಲೆ? ಅಂಟು ಹಾಕಿ ಸಿದ್ಧ ಮಾಡಿದ ಡ್ರ್ಯಾಗ್ ಸ್ಟ್ರಿಪ್, ಅಂದರೆ ನೇರ ಓಟದ ರೇಸ್ ಟ್ರ್ಯಾಕ್. ಅಂಥ ಕಡೆ ಬರಿಗಾಲಲ್ಲಿ ನಿಂತರೆ ಪಾದ ಕಿತ್ತುಕೊಂಡು ಬರುವ ಹಾಗೆ ಅಂಟುತ್ತದೆ. ಟೈರು ಅಂಥ ರೇಸಿಗೆಂದೇ ಮಾಡಿದ ಡ್ರ್ಯಾಗ್ ರೇಡಿಯಲ್, ಇಂಧನ ಎಥನಾಲ್ ಬೆರೆತ ಇ85. ಆ ಮೂರರಲ್ಲಿ ಯಾವುದನ್ನು ತೆಗೆದರೂ ಆ ಅಂಕಿ ಬರುವುದಿಲ್ಲ. ನಾನು ಮಾತಾಡುತ್ತಿರುವುದು ಸಿಗ್ನಲ್ ಹಸಿರಾದಾಗ ಸಿಗುವ ರಸ್ತೆಯ ಬಗ್ಗೆ.

ಹಳೇ_ಕಬ್ಬಿಣ:
ಸ್ವಲ್ಪ ಇತಿಹಾಸ ಸೇರಿಸುತ್ತೇನೆ, ಯಾಕೆಂದರೆ ಮಸಲ್ ಕಾರ್ (ಮಾಮೂಲಿ ಕಾರಿಗೆ ದೊಡ್ಡ ಎಂಜಿನ್ ಹಾಕಿದ್ದು) ಅಂದರೆ ಹಿಂದಿನಿಂದಲೂ ಒಂದೇ ಜೋಡಣೆ ಅನ್ನುವ ಹಾಗೆ ಮಾತು ಹೋಗುತ್ತಿದೆ. 1961ರ ಪಾಂಟಿಯಾಕ್ ಟೆಂಪೆಸ್ಟ್ ನೋಡಿ. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ ಆಕ್ಸಲ್ ಜೊತೆ, ನಡುವೆ ಬಿಲ್ಲಿನ ಹಾಗೆ ಬಾಗಿದ ತೆಳ್ಳನೆಯ ಶಾಫ್ಟ್. ಜನ ಅದನ್ನು ಹಗ್ಗದ ಡ್ರೈವ್ ಅಂತಲೇ ಕರೆದರು. 1964ಕ್ಕೆ ಅದನ್ನು ಬಿಟ್ಟು ಮಾಮೂಲಿ ಗೇರ್‌ಬಾಕ್ಸ್, ಗಟ್ಟಿ ಹಿಂದಿನ ಆಕ್ಸಲ್‌ಗೆ ಬಂದರು. ಆ ಟೆಂಪೆಸ್ಟ್‌ನ ಮೇಲೇ 389 ಕ್ಯೂಬಿಕ್ ಇಂಚಿನ ವಿ8 ಇಟ್ಟು ಜಿಟಿಒ ಮಾಡಿದರು. ಮಸಲ್ ಕಾರ್ ಅಲೆ ಎದ್ದದ್ದು ಅದರಿಂದ.

1966ರಲ್ಲಿ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಬಂತು. 7 ಲೀಟರ್ ವಿ8, 385 ಎಚ್‌ಪಿ, ಎಲ್ಲವೂ ಮುಂದಿನ ಚಕ್ರಕ್ಕೆ! ತಾಂತ್ರಿಕವಾಗಿ ದೊಡ್ಡ ಸಾಧನೆ. ಆದರೆ ಅದನ್ನು ಯಾರೂ ಮಸಲ್ ಕಾರ್ ಸಾಲಿಗೆ ಸೇರಿಸಲಿಲ್ಲ.

ಇನ್ನೊಂದು ಘಟನೆ ನನಗೆ ತುಂಬಾ ಇಷ್ಟ. 1980ರ ದಶಕದಲ್ಲಿ ಫೋರ್ಡ್, ಮಜ್ದಾ ಜೊತೆ ಸೇರಿ ಮುಂದಿನ ಚಕ್ರದ ಕಾರನ್ನು ಮಸ್ಟಾಂಗ್ ಜಾಗಕ್ಕೆ ತರಲು ಹೊರಟಿತ್ತು. ಸುದ್ದಿ ಹೊರಬಿದ್ದಾಗ ಅಭಿಮಾನಿಗಳು ಕೂತು ಕಾಗದ ಬರೆದರು, ಗಲಾಟೆ ಮಾಡಿದರು. ಕೊನೆಗೆ ಆ ಕಾರು ಪ್ರೋಬ್ ಅನ್ನುವ ಬೇರೆ ಹೆಸರಿನಲ್ಲಿ 1988ರಲ್ಲಿ ಹೊರಬಂತು. ಮಸ್ಟಾಂಗ್ ಹಿಂದಿನ ಚಕ್ರದಲ್ಲೇ ಉಳಿಯಿತು. ಪ್ರೋಬ್ ಯಾವತ್ತೋ ನಿಂತುಹೋಯಿತು, ಮಸ್ಟಾಂಗ್ ಇನ್ನೂ ಮಾರಾಟದಲ್ಲಿದೆ. ಹಾಗಾಗಿ ನಾವು ಇಲ್ಲಿ ಕೇಳುವುದು ದಂಡ ಅಂತ ಯಾರೂ ಅಂದುಕೊಳ್ಳಬೇಡಿ.

ಬೆಂಗಳೂರು_ಫಾಸ್ಟ್‌ಬ್ಯಾಕ್:
ಮಸ್ಟಾಂಗ್ ಹೆಸರು ಬಂದಿದ್ದಕ್ಕೆ ನಾನೂ ಬರೆಯುತ್ತೇನೆ. 2016ರಲ್ಲಿ ಮಸ್ಟಾಂಗ್ ಜಿಟಿ ಭಾರತಕ್ಕೆ ಬಂತಲ್ಲ, 5 ಲೀಟರ್ ವಿ8, ಸುಮಾರು 400 ಎಚ್‌ಪಿ, ರಿಯರ್ ವೀಲ್ ಡ್ರೈವ್. ನನ್ನ ಸ್ನೇಹಿತನ ಹತ್ತಿರ ಒಂದು ಇದೆ. ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ಸಂಜೆ ಅದರಲ್ಲಿ ಕೂತಿದ್ದೆ. ಟಾರಿನ ಮೇಲೆ ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು ಎಲ್ಲ ಒದ್ದೆಯಾಗಿ ಜಾರುಮಣ್ಣಿನ ಹಾಗೆ ಆಗಿತ್ತು. ಎರಡನೇ ಗೇರಿನಲ್ಲಿ ತಿರುವು ಮುಗಿಯುವ ಹೊತ್ತಿಗೆ ಅವನು ಕಾಲು ಸ್ವಲ್ಪ ಒತ್ತಿದ, ಅಷ್ಟೇ. ಹಿಂಭಾಗ ಒಂದು ಗೇಣು ಪಕ್ಕಕ್ಕೆ ಸರಿಯಿತು. ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಮಿಣಮಿಣ ಅಂದಿತು, ಕಾರು ನೆಟ್ಟಗಾಯಿತು. ಸೊಂಟದಲ್ಲಿ ಮೊದಲು ಗೊತ್ತಾಯಿತು, ಕಣ್ಣಿಗೆ ಆಮೇಲೆ ಕಾಣಿಸಿತು. ಆ ಕಾರು ನಮ್ಮ ಜೊತೆ ಮಾತಾಡಿದ ಹಾಗಿತ್ತು. ಭಯವೂ ಆಯಿತು, ನಿಜ ಹೇಳಬೇಕಲ್ಲ. ಆದರೆ ಆ ಮಾತು ಕೇಳಿಸದ ಕಾರಿಗೆ ನಾನು ಅಷ್ಟೊಂದು ದುಡ್ಡು ಹಾಕುವುದಿಲ್ಲ. ನನ್ನ ಓಟು ಹಿಂದಿನ ಚಕ್ರಕ್ಕೆ.

ಹಿಮದೂರು:
ನೀವು ಹೇಳುವುದು 400 ಎಚ್‌ಪಿ ಬಗ್ಗೆ. 700 ಇದ್ದಿದ್ದರೆ ಒಂದು ಗೇಣಿಗೆ ನಿಲ್ಲುತ್ತಿತ್ತಾ?

ಬೆಂಗಳೂರು_ಫಾಸ್ಟ್‌ಬ್ಯಾಕ್:
ಕಾಲು ನಮ್ಮದೇ ಅಲ್ವಾ. 700 ಇದ್ದರೆ ಇನ್ನೂ ಮೆಲ್ಲಗೆ ಒತ್ತಬೇಕು.

ಗ್ಯಾರೇಜ್_ದೀಪ:
ಬಟನ್ ಬೇಡ ಅನ್ನುವವರು ಬಿಎಂಡಬ್ಲ್ಯೂ ಎಂ5 ಕಥೆಯನ್ನೂ ನೆನಪಿಟ್ಟುಕೊಳ್ಳಿ. ಎಫ್90 ಪೀಳಿಗೆಯಲ್ಲಿ ಮೊದಲ ಸಲ ಆಲ್ ವೀಲ್ ಡ್ರೈವ್ ಬಂತು. ಇದೇ ಗೊಣಗಾಟ ಆಗಲೂ ಕೇಳಿಬಂತು. ಅದರಲ್ಲೂ ಹಿಂದಿನ ಚಕ್ರಕ್ಕೆ ಮಾತ್ರ ಪವರ್ ಕೊಡುವ ಮೋಡ್ ಇದೆ, ಸ್ಟೆಬಿಲಿಟಿ ಕಂಟ್ರೋಲ್ ಪೂರ್ತಿ ಆಫ್ ಮಾಡಿದರೆ ಮಾತ್ರ ಸಿಗುತ್ತದೆ. ಓಡಿಸಿ ನೋಡಿದ ಮೇಲೆ ಗೊಣಗಿದವರಲ್ಲೇ ಎಷ್ಟೋ ಜನ ಒಪ್ಪಿಕೊಂಡರು. ಸಿಕ್ಸ್‌ಪ್ಯಾಕ್‌ನಲ್ಲಿ ಲೈನ್ ಲಾಕ್ ಕೂಡ ಕೊಟ್ಟಿದ್ದಾರೆ. ಮುಂದಿನ ಬ್ರೇಕ್ ಹಿಡಿದು ಹಿಂದಿನ ಟೈರು ಸುಡಬಹುದು. ಹೊಗೆ ಬೇಕೆಂದರೆ ಹೊಗೆ ಇದೆ.

ಹಿಂದಿನ_ಚಕ್ರ:
ಹೊಗೆ ನನ್ನ ವಾದ ಅಲ್ಲ, ಅದನ್ನು ಬಿಡಿ. ಸ್ಟೀರಿಂಗ್ ಬಗ್ಗೆ ಹೇಳುತ್ತೇನೆ. ಮುಂದಿನ ಹಾಫ್ ಶಾಫ್ಟ್ ಹಾಯಲು ಎಂಜಿನ್ ಅಡಿಯಲ್ಲೋ ಆಯಿಲ್ ಸಂಪ್ ಪಕ್ಕದಲ್ಲೋ ಜಾಗ ಬಿಡಬೇಕು. ಬಿಟ್ಟರೆ ಎಂಜಿನ್ ಸ್ವಲ್ಪ ಮೇಲೆ ಕೂರುತ್ತದೆ. ವಿ8 ತಾನೇ ಭಾರದ ಎಂಜಿನ್, ಅದು ಎರಡು ಬೆರಳು ಮೇಲೇರಿದರೂ ತಿರುವಿನಲ್ಲಿ ಮೂತಿ ವಾಲುವುದು ಗೊತ್ತಾಗುತ್ತದೆ. ಅದರ ಮೇಲೆ ಮುಂದಿನ ಡಿಫರೆನ್ಷಿಯಲ್ ಭಾರ ಬೇರೆ, ಅದೂ ಮೂತಿಯಲ್ಲೇ. ಎಲೆಕ್ಟ್ರಿಕ್ ಚಾರ್ಜರ್ ಡೇಟೋನಾ ಆಗಲೇ 2,600 ಕೆ.ಜಿ. ದಾಟಿತು. ತೂಕ ಕಡಿಮೆ ಮಾಡುವ ಒಂದು ಸುಲಭದ ದಾರಿ ಇದ್ದಾಗ ಅದನ್ನು ಯಾಕೆ ಬಿಡಬೇಕು?

ಹಳೇ_ಕಬ್ಬಿಣ:
ತೂಕ ಮುಂದೆ ಜಾಸ್ತಿ ಅನ್ನುವುದೇ ತೊಂದರೆಯಾದರೆ ಮಸ್ಟಾಂಗ್ ಜಿಟಿಡಿ ದಾರಿ ಇದೆಯಲ್ಲ. ಸೂಪರ್‌ಚಾರ್ಜ್ಡ್ 5.2 ಲೀಟರ್ ವಿ8, 815 ಎಚ್‌ಪಿ. ಎಂಜಿನ್ ಮುಂದೆ, ಎಂಟು ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಹಿಂದೆ, ನಡುವೆ ಕಾರ್ಬನ್ ಫೈಬರ್ ಶಾಫ್ಟ್. ಟೆಂಪೆಸ್ಟ್‌ನ ಆ ಹಳೆಯ ಯೋಚನೆಯೇ, ಈಗಿನ ಸಾಮಾನಿನಲ್ಲಿ. ಮುಂದೆ ಹಿಂದೆ ಹೆಚ್ಚುಕಡಿಮೆ ಸಮ ತೂಕ, ಪವರ್ ಹಿಂದಿನ ಚಕ್ರಕ್ಕೆ ಮಾತ್ರ. 2025ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ ಸುತ್ತನ್ನು 6 ನಿಮಿಷ 52 ಸೆಕೆಂಡಿನಲ್ಲಿ ಮುಗಿಸಿತು. 800 ಎಚ್‌ಪಿಗೆ ಎರಡು ಚಕ್ರ ಸಾಲದು ಅನ್ನುವವರಿಗೆ ಇದಕ್ಕಿಂತ ಉತ್ತರ ಬೇಕಾ?

ಗ್ಯಾರೇಜ್_ದೀಪ:
ಬೆಲೆ ನೋಡಿದಿರಾ? ಮೂರು ಲಕ್ಷ ಡಾಲರ್ ಮೇಲೆ. ಹಿಂದಿನ ಸೀಟು ಇಲ್ಲ, ಡಿಕ್ಕಿಯ ಜಾಗವನ್ನೆಲ್ಲ ಗೇರ್‌ಬಾಕ್ಸ್ ತಣ್ಣಗಿಡುವ ಸಾಮಾನೇ ನುಂಗಿದೆ. ಮಸಲ್ ಕಾರ್ ಅಂದರೆ ಸಂಬಳದಲ್ಲಿ ಬದುಕುವವನಿಗೂ ಎಟುಕುವ ಕಾರಿಗೆ ದೊಡ್ಡ ಎಂಜಿನ್, ಜಿಟಿಒ ಮಾಡಿದ್ದೂ ಅದನ್ನೇ. ಚಾರ್ಜರ್‌ಗೆ ನಾಲ್ಕು ಜನ ಕೂರಬೇಕು, ಸಾಮಾನು ಹಿಡಿಯಬೇಕು. ಎಂಜಿನ್ನನ್ನೇ ನಡುವಿಗೆ ತಂದ ಕಾರ್ವೆಟ್ ದಾರಿಯೂ ಇದಕ್ಕೆ ಆಗುವುದಿಲ್ಲ.

ಒಂದು ವಿಷಯ ಇಲ್ಲಿ ಯಾರೂ ಹೇಳಲಿಲ್ಲ. ವಿ8 ಚಾರ್ಜರ್‌ಗೆ ಆಲ್ ವೀಲ್ ಡ್ರೈವ್ ಹೊಸದೇನಲ್ಲ. 2014ರ ಮಾಡೆಲ್‌ವರೆಗೂ 5.7 ಹೆಮಿ ಇದ್ದ ಚಾರ್ಜರ್ ಆರ್/ಟಿ ಎರಡೂ ರೀತಿಯಲ್ಲಿ ಸಿಗುತ್ತಿತ್ತು, ಹಿಂದಿನ ಚಕ್ರದ್ದು ಒಂದು, ನಾಲ್ಕೂ ಚಕ್ರದ್ದು ಇನ್ನೊಂದು.

ಹಿಂದಿನ_ಚಕ್ರ:
ಅದನ್ನೇ ನಾನು ಕೇಳುತ್ತಿರುವುದು! ಹಿಮದಲ್ಲಿ ಓಡಿಸುವವರಿಗೆ ನಾಲ್ಕು ಚಕ್ರದ್ದು ಬೇಡ ಅಂತ ನಾನು ಹೇಳಿಲ್ಲ. ಗ್ಯಾರೇಜ್_ದೀಪ ಹೇಳಿದ ಟೈರಿನ ಲೆಕ್ಕವನ್ನೂ ಒಪ್ಪುತ್ತೇನೆ, ರಸ್ತೆಯಲ್ಲಿ ಮೊದಲ ನೂರು ಅಡಿಗೆ ನಾಲ್ಕು ಚಕ್ರದ್ದೇ ಮುಂದೆ ಹೋಗುತ್ತದೆ. ಹೋಗಲಿ. ಆ ಒಂದೆರಡು ಕ್ಷಣ ಬಿಟ್ಟುಕೊಡಲು ನಾನು ತಯಾರಿದ್ದೇನೆ, ಹಗುರ ಮೂತಿ ಕೊಡಿ. ಆರ್ಡರ್ ಮಾಡುವ ಹಾಳೆಯಲ್ಲಿ ರಿಯರ್ ವೀಲ್ ಡ್ರೈವ್ ಅಂತ ಒಂದು ಸಾಲು ಇರಬೇಕು, ಅದರ ಪಕ್ಕ ಕಡಿಮೆ ಬೆಲೆ ಇರಬೇಕು.

ಹಿಮದೂರು:
ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎರಡು ಥರದ ಅಂಡರ್‌ಬಾಡಿ, ಎರಡು ಸಲ ಕ್ರ್ಯಾಶ್ ಪರೀಕ್ಷೆ, ಎರಡು ಥರದ ಸಸ್ಪೆನ್ಷನ್ ಸೆಟಪ್ ಅಂದರೆ ಕಂಪನಿಗೂ ಖರ್ಚು. ವಿ8 ಸಾಕಷ್ಟು ಮಾರಾಟವಾದರೆ ಮಾತ್ರ ಮಾಡುತ್ತಾರೆ. ನನ್ನ ಕೇಳಿದರೆ ಮೊದಲು ನಾಲ್ಕು ಚಕ್ರದ್ದು ಬರಲಿ, ಅದು ಓಡಿದ ಮೇಲೆ ನಿಮ್ಮದು.

ಹಿಂದಿನ_ಚಕ್ರ:
ಮೊದಲು ನಮ್ಮದು ಬರಲಿ ಅನ್ನುತ್ತೇನೆ ನಾನು. ಇದರಲ್ಲಿ ನಾವಿಬ್ಬರೂ ಒಪ್ಪುವ ಹಾಗೆ ಕಾಣುವುದಿಲ್ಲ.

ಹಿಮದೂರು:
ಒಪ್ಪುವುದು ಬೇಡ. ಆಗಸ್ಟ್‌ನಲ್ಲಿ ಇಲ್ಲಿ ನಡೆಯುವ ಹಳೆ ಕಾರುಗಳ ಮೆರವಣಿಗೆ, ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಬನ್ನಿ. ರಸ್ತೆ ಪಕ್ಕ ಕುರ್ಚಿ ಹಾಕಿ ಕೂತರೆ 1960ರ ದಶಕದ ಜಿಟಿಒ, ಚಾರ್ಜರ್ ಎಲ್ಲ ಸಾಲಾಗಿ ಬರುತ್ತವೆ. ಬೆಳಿಗ್ಗೆ ಬೇಗ ಬಂದರೆ ನೆರಳಿರುವ ಜಾಗ ಸಿಗುತ್ತದೆ, ನಾನು ಹಿಡಿದಿಟ್ಟಿರುತ್ತೇನೆ.