ಪದಚರ್ಚೆ: ಪೊಕೆಮಾನ್‌ನ 'ಮಾನ್‌ಸ್ಟರ್'ಗೆ 'ಗುಮ್ಮ' ಹೊಂದುತ್ತದೆಯೇ?

ಗೆಳೆಯರೇ,

ಅಕ್ಕನ ಮಗಳಿಗೆ ಆರು ವರ್ಷ. ಮೊನ್ನೆ ಜಪಾನಿನ ಕಾರ್ಟೂನ್ ಪೊಕೆಮಾನ್ ನೋಡುತ್ತಾ ಕೂತಿದ್ದಳು. 'ಪಾಕೆಟ್ ಮಾನ್‌ಸ್ಟರ್' ಅನ್ನುವುದನ್ನೇ ಮೊಟಕು ಮಾಡಿ ಈ ಹೆಸರು ಇಟ್ಟಿದ್ದಾರೆ ಅಂತ ಹೇಳಿದೆ. "ಮಾನ್‌ಸ್ಟರ್ ಅಂದ್ರೆ?" ಅಂದಳು. ರಾಕ್ಷಸ ಅಂದೆ. ಅದರಲ್ಲಿ ಬರುವ ಹಳದಿ ಬಣ್ಣದ ಪಿಕಾಚುವಿನ ಕೆಂಪು ಕೆನ್ನೆ ನೋಡಿದಳು, ನನ್ನ ಮುಖ ನೋಡಿದಳು. "ಇದಕ್ಕೆ ಕೋರೆಹಲ್ಲೇ ಇಲ್ವಲ್ಲ ಮಾಮ!"

ಅವಳು ಹೇಳಿದ್ದು ಸರಿ. 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ, ಕೈಯಲ್ಲಿ ಹಿಡಿದು ಆಡುವ ಯಂತ್ರ ಗೇಮ್ ಬಾಯ್‌ಗೆ ಬಂದ ಮೊದಲ ಪೊಕೆಮಾನ್ ಆಟಗಳಲ್ಲೇ ಇಂಥ ಜೀವಿಗಳು 151 ಇದ್ದವು. ಒಂದು ಬೆಂಕಿ ಉಗುಳುತ್ತದೆ, ಇನ್ನೊಂದು ದಾರಿಗೆ ಅಡ್ಡ ಮಲಗಿ ನಿದ್ದೆ ಹೊಡೆಯುತ್ತದೆ. ಎಲ್ಲವನ್ನೂ ರಾಕ್ಷಸ ಅನ್ನಲು ಬಾಯಿ ಬರುವುದಿಲ್ಲ. 'ಪ್ರಾಣಿ' ಅಂದರೆ ತೀರಾ ಸಪ್ಪೆ. ಇವಕ್ಕೆ ಒಪ್ಪುವ ಕನ್ನಡ ಪದ ಹುಡುಕುತ್ತಿದ್ದೇನೆ.

ಪಿಕಾಚುವಿನಂಥ ಹೆಸರುಗಳನ್ನು ಮಾತ್ರ ಮುಟ್ಟಬಾರದು. ಜಪಾನಿ ಮಾತಿನಲ್ಲಿ 'ಪಿಕಾ' ಅಂದರೆ ನಮ್ಮ 'ಪಳಕ್', 'ಚೂ' ಅಂದರೆ ಇಲಿಯ 'ಚಿಂವ್'. ಅದರ ಸೊಗಸೆಲ್ಲ ಆ ಸದ್ದಿನಲ್ಲೇ ಇದೆ. ಇಂಥವನ್ನು ಕಂಡಾಗ ಜಪಾನಿನವರು ಹೇಳುವ 'ಕವಾಯಿ'ಗೂ ತೊಂದರೆ ಇಲ್ಲ, 'ಮುದ್ದು' ಇದೆ. ಆ ಪದಕ್ಕೆ ಹಿಂದೆ ಕನಿಕರದ ಅರ್ಥವೂ ಇತ್ತು. ಈಗಲೂ 'ಕವಾಯಿಸೋ' ಅಂದರೆ 'ಅಯ್ಯೋ ಪಾಪ' ಅಂತಲೇ. ನಾವೂ ನಾಯಿಮರಿ ಕಂಡರೆ "ಪಾಪ, ಎಷ್ಟು ಮುದ್ದಾಗಿದೆ" ಅನ್ನುತ್ತೇವೆ ಅಲ್ವಾ?

ನನಗೆ ಹೊಳೆದ ಪದ 'ಗುಮ್ಮ'. ರಾಕ್ಷಸ ಪುರಾಣದವನು, ಗುಮ್ಮ ಅಡುಗೆಮನೆ ಬಾಗಿಲ ಹಿಂದೆ ಇರುವವನು. ಊಟ ಮಾಡದ ಮಕ್ಕಳಿಗೆ ಅಂತಲೇ ಹುಟ್ಟಿದ ಪದ. ಮೊದಲು 'ಗುಮ್ಮಮರಿ' ಅಂದುಕೊಂಡೆ. ಆಮೇಲೆ ಜಪಾನಿನ ನಿರ್ದೇಶಕ ಹಯಾವೊ ಮಿಯಾಝಾಕಿಯವರ 1988ರ ಸಿನಿಮಾದ ತೊತೊರೊ ನೆನಪಾಯಿತು. ಅದು ಬೆಟ್ಟದಂಥ ಮೈಯದು, ಮರಿ ಅನ್ನಲು ಆಗುವುದಿಲ್ಲ. ಪುಟ್ಟ ಹುಡುಗಿ ಮೇಯಿ ಅದರ ಹೊಟ್ಟೆಯ ಮೇಲೆ ಬಿದ್ದು, ಯಾರು ನೀನು ಅಂತ ಕೇಳುತ್ತಾಳೆ. ಅದು ಬಾಯಿ ತೆರೆದು ಗರ್ಜಿಸುತ್ತದೆ. ಇವಳಿಗೆ 'ತೊತೊರೊ' ಅಂತ ಕೇಳಿಸುತ್ತದೆ. ಹೆದರುವುದು ಬಿಟ್ಟು ಅಲ್ಲೇ ನಿದ್ದೆ ಹೋಗುತ್ತಾಳೆ. ಆಮೇಲೆ ಮೇಯಿಯ ಅಕ್ಕ ಕೇಳುತ್ತಾಳೆ, ಚಿತ್ರದ ಪುಸ್ತಕದಲ್ಲಿರುವ ಟ್ರೋಲಾ ಅಂತ. ಟ್ರೋಲ್ ಅಂದರೆ ಕಥೆಪುಸ್ತಕದ ಗುಮ್ಮನೇ ತಾನೇ! ಮಗುವಿನ ನಾಲಿಗೆಯಲ್ಲಿ ಆ 'ಟ್ರೋಲ್' 'ತೊತೊರೊ' ಆಗಿ ಮೆತ್ತಗಾಗಿದೆ. ಹಾಗಾಗಿ ಈಗ ನನ್ನ ಒಲವು 'ಮುದ್ದುಗುಮ್ಮ'ದ ಕಡೆಗೆ.

ನಿಮ್ಮ ಕಡೆ ಗುಮ್ಮ ಅಂದರೆ ಬರೀ ಹೆದರಿಕೆಯೇ? ಮಗುವನ್ನು ನಗಿಸುವಾಗಲೂ ಬಳಸುತ್ತೀರಾ? ಗುಮ್ಮನನ್ನು 'ಗೊಗ್ಗ', 'ಗೊಗ್ಗಯ್ಯ' ಅನ್ನುವವರಿಗೆ 'ಮುದ್ದುಗುಮ್ಮ' ಕೇಳಲು ಹೇಗಿದೆ?

ಲಿಂಗದ ಪ್ರಶ್ನೆಯೂ ಒಂದಿದೆ. 'ಗುಮ್ಮ ಬಂದ', 'ಗುಮ್ಮ ಬಂತು' ಎರಡನ್ನೂ ಕೇಳಿದ್ದೇನೆ. ಹಲವು ಇದ್ದಾಗ 'ಮುದ್ದುಗುಮ್ಮಗಳು' ಅನ್ನಬೇಕೋ, 'ಮುದ್ದುಗುಮ್ಮಂದಿರು' ಅನ್ನಬೇಕೋ? ನಮ್ಮ ಹುಡುಗಿ ಮಾತ್ರ ಯಾವಾಗಲೂ "ಪಿಕಾಚು ಬಂದ" ಅಂತಲೇ ಹೇಳುತ್ತಾಳೆ.